ಹತ್ತು ರೂಪಾಯಿಯ ಫ್ಯೂಸ್

ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಆರು ವರ್ಷ ಒಂದು ಪಿಕಪ್ ಗಾಡಿ ನಿಂತಿತ್ತು. ಹಿಂಭಾಗ ನೆರಳಿಗೆ, ಮೂತಿ ಬಿಸಿಲಿಗೆ. ಬಾನೆಟ್ಟಿನ ತಗಡು ಕಾದಾಗ ಅಮ್ಮಿ ಅದರ ಮೇಲೆ ಸಂಡಿಗೆ ಒಣಹಾಕುತ್ತಿದ್ದರು. ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಮೊಟ್ಟೆ ತರಲು ನನ್ನನ್ನೇ ಕಳಿಸುತ್ತಿದ್ದರು. ನಾನು ಬಾಗಿಲು ತೆರೆದು, ಡ್ಯಾಶ್‌ಬೋರ್ಡಿನ ಕಡೆ ನೋಡದೆ, ಮೊಟ್ಟೆ ಎತ್ತಿಕೊಂಡು ಓಡಿ ಬರುತ್ತಿದ್ದೆ.

ಈ ವರ್ಷ ಪ್ರಥಮ ಪಿಯುಸಿ ಪರೀಕ್ಷೆ ಮುಗಿದು, ರಮಜಾನ್ ಈದ್ ಆದ ಮರುವಾರ ಗುಜರಿಯವರು ಬಂದರು. ಅಬ್ಬಾ ಅವರ ಜೊತೆ ರೇಟು ಮಾತಾಡುತ್ತಿದ್ದರು. ದಾದಾ ಹೊರಗೆ ಬಂದು ಒಮ್ಮೆ ನೋಡಿದರು, ಏನೂ ಅನ್ನದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಆ ಬಾಗಿಲಿನ ಸದ್ದು ಕೇಳಿ ನಾನು ಅಂಗಳಕ್ಕೆ ಹೋಗಿ, "ಅಬ್ಬಾ, ಕೊಡಬೇಡಿ. ನನಗೆ ಬೇಸಿಗೆ ರಜೆ ಇದೆ. ನಾನು ರಿಪೇರಿ ಮಾಡಿಸುತ್ತೇನೆ" ಅಂದೆ. ಗುಜರಿಯವನು ನಕ್ಕ. ಅಬ್ಬಾ ನಗಲಿಲ್ಲ. "ಎಂಜಿನ್ ಸರಿಯಿದೆ, ಸುಟ್ಟಿದ್ದು ವಾಯರಿಂಗ್. ಅದನ್ನು ಹೊಸದಾಗಿ ಮಾಡಿಸಲು ಗಾಡಿಯ ಬೆಲೆಗಿಂತ ಜಾಸ್ತಿ ಕೇಳುತ್ತಾರೆ. ನಿನಗ್ಯಾಕೆ ಇಷ್ಟು ಹಠ?" ಎಂದು ಕೇಳಿದರು.

ಉತ್ತರ ಇತ್ತು. ಹೇಳಲಿಲ್ಲ.

ಗಾಡಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅದು 1991ರ ಮಹೀಂದ್ರ ಡೀಸೆಲ್ ಪಿಕಪ್. ಜೀಪಿನದೇ ಮೂತಿ, ಹಿಂದೆ ಸಾಮಾನು ಹೇರುವ ಕಬ್ಬಿಣದ ಬಾಡಿ. ದಾದಾ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಇಪ್ಪತ್ತು ವರ್ಷ ನಮ್ಮ ಎಂ.ಕೆ. ಹುಬ್ಬಳ್ಳಿಯಿಂದ ಬೆಳಗಾವಿ ಮಾರ್ಕೆಟ್ಟಿಗೆ ಕಾಯಿಪಲ್ಲೆ ಹೊತ್ತರು. ಅಬ್ಬಾನ ಓದು, ಇಬ್ಬರು ಫೂಫಿಯರ ಮದುವೆ, ಮನೆಯ ಸ್ಲ್ಯಾಬು ಎಲ್ಲ ಅದರ ದುಡಿಮೆ. ಆ ಕಂಪನಿಯ ಬಗ್ಗೆ ಒಂದು ಸಂಗತಿ ನನಗೆ ಈ ಬೇಸಿಗೆಯಲ್ಲೇ ಗೊತ್ತಾಯಿತು. 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಪಾಲುದಾರ ಮಲಿಕ್ ಗುಲಾಮ್ ಮೊಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಎಂ ಆ್ಯಂಡ್ ಎಂ ಎಂಬ ಎರಡು ಅಕ್ಷರ ಮಾತ್ರ ಬದಲಾಗಲೇ ಇಲ್ಲ. ದಾದಾಗೆ ಇದನ್ನು ಹೇಳಿದರೆ, "ಅದಕ್ಕೇನೀಗ, ನನ್ನ ಗಾಡಿ ಇಲ್ಲೇ ಉಳಿದಿದೆಯಲ್ಲ" ಅಂದರು.

ಈಗ ಆ ಉತ್ತರ.

2019ರ ಜನವರಿ. ನನಗೆ ಹನ್ನೊಂದು ವರ್ಷ. ಬೈಲಹೊಂಗಲದಲ್ಲಿ ನೆಂಟರ ಮನೆಯ ಶಾದಿ. ದಾದಾ, ದಾದಿ, ನಾನು ಪಿಕಪ್ಪಿನಲ್ಲಿ ಹೊರಡುವುದೆಂದು ಆಗಿತ್ತು. ಸಂಜೆ ನೋಡಿದರೆ ಹಿಂದಿನ ಕೆಂಪು ದೀಪ ಉರಿಯುತ್ತಿಲ್ಲ. ದಾದಾ ಫ್ಯೂಸ್ ಡಬ್ಬಿ ತೆರೆದು ಗಾಜಿನ ಫ್ಯೂಸ್ ಒಂದನ್ನು ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಒಳಗಿನ ಕೂದಲಿನಂಥ ತಂತಿ ತುಂಡಾಗಿತ್ತು. ಹತ್ತು ರೂಪಾಯಿ ಕೊಟ್ಟು, "ಓಡಿ ಹೋಗಿ ಇಂಥದ್ದೇ ಒಂದು ತಾ" ಎಂದು ಕಳಿಸಿದರು.

ಫ್ಯೂಸ್ ಮಾರುವ ಅಂಗಡಿಗಿಂತ ಮೊದಲು ಕಿರಾಣಿ ಅಂಗಡಿ ಸಿಗುತ್ತದೆ. ನಾನು ಆ ಹತ್ತು ರೂಪಾಯಿಗೆ ಚಾಕೊಲೇಟು ತೆಗೆದುಕೊಂಡೆ. ತಿಂದಾದ ಮೇಲೆ ಭಯವಾಯಿತು. ಟ್ರ್ಯಾಕ್ಟರಿನವರು ಸುಟ್ಟ ಫ್ಯೂಸಿಗೆ ಸಿಗರೇಟು ಪಾಕೀಟಿನ ಬೆಳ್ಳಿ ಹಾಳೆ ಸುತ್ತಿ ಹಾಕುವುದನ್ನು ನೋಡಿದ್ದೆ. ನನ್ನ ಕೈಯಲ್ಲೂ ಬೆಳ್ಳಿ ಹಾಳೆ ಇತ್ತು. ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿದೆ. ಮನೆಗೆ ಬಂದಾಗ ದಾದಾ ಮಗ್ರಿಬ್‌ಗೆ ವಜೂ ಮಾಡುತ್ತಿದ್ದರು. "ನಾನೇ ಹಾಕಲಾ?" ಅಂದೆ. "ಹಾಕು" ಅಂದರು. ಹಾಕಿದೆ. ದೀಪ ಹತ್ತಿತು. ದಾದಾ ಒದ್ದೆ ಕೈಯಲ್ಲೇ ನನ್ನ ತಲೆ ಸವರಿ "ಶಾಬಾಷ್" ಅಂದರು.

ಊಟ ಮುಗಿಸಿ ರಾತ್ರಿ ವಾಪಸು ಬರುವಾಗ, ಊರು ಇನ್ನೂ ದೂರ ಇದ್ದಾಗ, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂತು. ಪ್ಲಾಸ್ಟಿಕ್ ಸುಡುವ ವಾಸನೆ. ದೀಪಗಳು ಕೆಂಪಗಾಗಿ ಆರಿದವು, ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಅದಕ್ಕೆ ಕರೆಂಟೇ ಬೇಡ. ದಾದಾ ಕತ್ತಲಲ್ಲಿ ಅಂದಾಜಿನ ಮೇಲೆ ಗಾಡಿಯನ್ನು ಬದಿಗೆ ತಂದು, ಸ್ಟಾಪ್ ಗುಂಡಿ ಎಳೆದು, ನಮ್ಮಿಬ್ಬರನ್ನೂ ಹೊರಗೆ ತಳ್ಳಿ, ಬಾನೆಟ್ ಎತ್ತಿ ಬ್ಯಾಟರಿಯ ವಾಯರನ್ನು ಬರಿಗೈಯಲ್ಲಿ ಕಿತ್ತರು. ಅವರ ಬಲ ಅಂಗೈಯಲ್ಲಿ ಇವತ್ತಿಗೂ ಒಂದು ಗೆರೆ ಇದೆ, ಹಸ್ತರೇಖೆಗೆ ಅಡ್ಡವಾಗಿ. ದಾದಿ ರಸ್ತೆಯ ಪಕ್ಕ ಕುಳಿತು ದುವಾ ಓದುತ್ತ ಅಳುತ್ತಿದ್ದರು. ಅದಾದ ಮೇಲೆ ಅವರು ಆ ಗಾಡಿ ಹತ್ತಲಿಲ್ಲ. 2021ರಲ್ಲಿ ತೀರಿಕೊಂಡರು.

ಇಲಿ ಕಡಿದಿರಬೇಕು ಎಂದು ಎಲ್ಲರೂ ಮಾತಾಡಿಕೊಂಡರು. ಹಳೇ ಗಾಡಿ, ಇನ್ನೇನು. ದಾದಾ ಆಮೇಲೆ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ಕಣ್ಣು ಮಂಜಾಗಿದೆ ಅಂದರು.

ನಾನು ಗಾಡಿಯನ್ನು ಉಳಿಸಿಕೊಳ್ಳಲು ಹೋಗಿದ್ದು ಅಂಥ ದೊಡ್ಡ ಮನಸ್ಸಿನಿಂದೇನಲ್ಲ. ಗಾಡಿ ಮತ್ತೆ ಓಡಿದರೆ, ಯಾರಿಗೂ ಏನೂ ಹೇಳದೆಯೇ ಲೆಕ್ಕ ಚುಕ್ತಾ ಆಗುತ್ತದೆ ಎಂದುಕೊಂಡಿದ್ದೆ. ಅಬ್ಬಾ ಒಪ್ಪಿದ ರಾತ್ರಿಯೇ ಮೊಬೈಲ್ ಬೆಳಕಿನಲ್ಲಿ ಹೋಗಿ ಆ ಫ್ಯೂಸ್ ಕಿತ್ತು ಎಸೆಯಲು ನೋಡಿದೆ. ಡಬ್ಬಿಯ ಆ ಮೂಲೆ ಕರಗಿ ಫ್ಯೂಸ್ ಅದರಲ್ಲೇ ಹೂತುಹೋಗಿತ್ತು. ಬರಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ವಾಯರಿಂಗ್ ಮಿಸ್ತ್ರಿ ಕಾಕಾ ಇದ್ದಾರೆ. ವಯಸ್ಸಾಗಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟವರು. ಅಬ್ಬಾ ಕೇಳಿದ್ದಕ್ಕೆ, "ಪಗಾರ ಬ್ಯಾಡ್ರಿ. ಚಾ ಕೊಡ್ರಿ. ಆದರ ಗಾಡಿ ಬುಡಕ ಮಲಗಾಕ ನನ್ನ ಸೊಂಟ ಕೇಳೂದಿಲ್ಲ, ಅದನ್ನ ಈ ಹುಡುಗಿ ಮಾಡಲಿ" ಅಂದರು. ಸೋಮವಾರ ಅವರಿಗೆ ರಜೆ. ಅವತ್ತು ಮಲಪ್ರಭೆಯೊಳಗಿನ ಗಂಗಾಂಬಿಕೆಯ ಐಕ್ಯಮಂಟಪಕ್ಕೆ ಹೋಗಿ ಬರುತ್ತಾರೆ. ಶುಕ್ರವಾರ ಮಧ್ಯಾಹ್ನ ನಮಗೆ ಬಿಡುವು. ಉಳಿದ ದಿನ ಬೆಳಿಗ್ಗೆ ಎಂಟಕ್ಕೆ ಶುರು.

ನಾನು ಮೊದಲ ದಿನ ಕತ್ತರಿ ಹಿಡಿದು ಹೋಗಿದ್ದೆ. ಕಾಕಾ ಅದನ್ನು ಕಸಿದುಕೊಂಡರು. "ಏ ತಂಗಿ, ಮೊದಲ ಹರೀಬ್ಯಾಡ. ಮೊದಲ ಬರಿ." ನೋಟ್‌ಬುಕ್ ತರಿಸಿ ಪ್ರತಿಯೊಂದು ವಾಯರ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬರೆಸಿದರು. ಪ್ರತಿ ತುದಿಗೂ ಬಿಳಿ ಟೇಪಿನ ಚೀಟಿ, ಅದರ ಮೇಲೆ ನಂಬರು. ಹಳೆ ಗಾಡಿಯಲ್ಲಿ ಬಣ್ಣ ನಂಬುವ ಹಾಗಿಲ್ಲ. ಕೆಂಪು ವಾಯರ್ ಡ್ಯಾಶ್‌ಬೋರ್ಡಿನ ಹಿಂದೆ ಹೋಗಿ ಹಸಿರಾಗಿ ಹೊರಬರುತ್ತದೆ, ನಡುವೆ ಎಲ್ಲೋ ಒಂದು ಗಂಟು, ಗಂಟಿನ ಮೇಲೆ ಹತ್ತು ಸುತ್ತು ಟೇಪು. ನಾಲ್ಕು ದಿನ ಬರೀ ಇದೇ ಕೆಲಸ. ಕೆಮಿಸ್ಟ್ರಿ ರೆಕಾರ್ಡ್ ಬರೆಯುವಾಗಲೂ ನಾನು ಇಷ್ಟು ಶಿಸ್ತಾಗಿ ಕೂತವಳಲ್ಲ.

ಐದನೇ ದಿನ ಭಾನುವಾರ. ಜುಹರ್ ನಮಾಜ್ ಮುಗಿಸಿ ಬಂದ ಅಬ್ಬಾ ಕೂಡ ಇದ್ದರು. ಅಷ್ಟು ದಿನ ಹಿತ್ತಲಿಗೆ ಕಾಲಿಡದಿದ್ದ ದಾದಾ ಅವತ್ತು ಕುರ್ಚಿ ತರಿಸಿ ಮರದ ಕೆಳಗೆ ಕುಳಿತಿದ್ದರು. ಕಾಕಾ ಫ್ಯೂಸ್ ಡಬ್ಬಿಯನ್ನು ಪೂರ್ತಿ ಬಿಚ್ಚಿ ಹೊರಗೆ ತಂದು ಬಟ್ಟೆಯ ಮೇಲೆ ಇಟ್ಟರು. ನಾಲ್ಕು ಫ್ಯೂಸುಗಳ ಡಬ್ಬಿ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಆದರೆ ಕಾಕಾ ಎತ್ತಿದ್ದು ಎರಡನೆಯದನ್ನು. ಅದರ ಎರಡು ತುದಿಗೂ ಒಂದು ತಾಮ್ರದ ಎಳೆ ಸುತ್ತಿತ್ತು.

"ಇದ್ಯಾರ ಕೈಚಳಕರೀ?" ಅಂದರು ನಗುತ್ತ.

ದಾದಾ ತಡಮಾಡಲಿಲ್ಲ. "ನನ್ನದು" ಅಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ನಾವು ಮನೆಯಲ್ಲಿ ಉರ್ದು ಆಡುತ್ತೇವೆ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. "ಹಿಂದಿನ ಮಳೆಗಾಲದಲ್ಲಿ ಹಿರೇಬಾಗೇವಾಡಿ ಹತ್ತಿರ ವೈಪರ್ ನಿಂತಿತು. ಜೋರು ಮಳೆ. ಕಾಯಿಪಲ್ಲೆ ಹೇರಿದ್ದೆ, ಅಂಗಡಿ ಯಾವುದೂ ತೆರೆದಿರಲಿಲ್ಲ. ವಾಯರಿನ ಒಂದು ಎಳೆ ಕಿತ್ತು ಸುತ್ತಿದೆ. ನಾಳೆ ಬೆಳಿಗ್ಗೆ ತೆಗೆದು ಹೊಸದು ಹಾಕೋಣ ಅಂದುಕೊಂಡೆ. ನಾಳೆ ಬಂತು, ಮರೆತೆ. ಶಾದಿಯಿಂದ ಬರುವಾಗ ಹೊಗೆ ಎದ್ದಿತಲ್ಲ, ಆಗ ನೆನಪಾಯಿತು. ನಿನ್ನ ದಾದಿ ರಸ್ತೆಯಲ್ಲಿ ಕೂತು ಅಳುತ್ತಿದ್ದಳು, ಕೈ ಸುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ. ಇವಳನ್ನೂ ಮಗುವನ್ನೂ ನಾನೇ ಸುಡುತ್ತಿದ್ದೆ ಅನ್ನುವುದೊಂದೇ ತಲೆಯಲ್ಲಿ. ಕಣ್ಣು ಮಂಜು ಅಂತ ನಿಮಗೆ ಹೇಳಿದೆ. ಕಣ್ಣು ಚೆನ್ನಾಗೇ ಇವೆ."

ಅಬ್ಬಾ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಕಾಕಾ ಫ್ಯೂಸನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು, "ಚಾ ಆಗಲಿ" ಅಂದರು.

ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ಕೈಯಲ್ಲಿ ಟೇಪಿನ ಸುರುಳಿ ಹಿಡಿದು ನಿಂತಿದ್ದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಸೋಮವಾರ ಇಡೀ ದಿನವೂ ಹೇಳಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಮಾಡಿದ್ದಕ್ಕಿಂತ ಹದಿನೇಳನೇ ವಯಸ್ಸಿನಲ್ಲಿ ಸುಮ್ಮನಿದ್ದ ಆ ಎರಡು ದಿನ ನನಗೆ ಈಗ ಹೆಚ್ಚು ನಾಚಿಕೆ ತರುತ್ತದೆ. ರಾತ್ರಿ ದಾದಾ ಇಶಾ ನಮಾಜ್ ಮುಗಿಸಿ ಬಹಳ ಹೊತ್ತು ಜಾನಮಾಜಿನ ಮೇಲೆಯೇ ಕುಳಿತಿದ್ದರು. ನಾನು ನೀರು ಕುಡಿಯುವ ನೆಪ ಮಾಡಿ ಮೂರು ಸಲ ಆ ಕೋಣೆ ದಾಟಿದೆ.

ಮಂಗಳವಾರ ಕಾಕಾ ಬಂದವರೇ ನನಗೆ ಒಂದು ಪಾಠ ಮಾಡಿದರು. "ಬೆಂಕಿ ಎಲ್ಲಿ ಹತ್ತಿತು ಅಂತ ಎಲ್ಲಾರೂ ಹುಡುಕ್ತಾರ. ನೀ ಸುಟ್ಟ ವಾಯರ್ ಹಿಡಕೊಂಡು ಹೋಗು, ಸುಡೂದು ಎಲ್ಲಿ ನಿಂತೈತಿ ನೋಡು." ನಾನು ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದೆ. ವೈಪರಿನ ವಾಯರ್ ಮೇಲ್ಮೈ ಸ್ವಲ್ಪ ಕಪ್ಪಾಗಿತ್ತು, ಪಕ್ಕದ ವಾಯರಿನ ಶಾಖಕ್ಕೆ. ಟೇಪು ಬಿಡಿಸಿದರೆ ಒಳಗೆ ಹೊಸದರಂತೆ ಇತ್ತು. ಪೂರ್ತಿ ಸುಟ್ಟಿದ್ದು ಹಿಂದಿನ ದೀಪಕ್ಕೆ ಹೋಗುವ ವಾಯರ್. ಡಬ್ಬಿಯಿಂದ ಹೊರಟು, ಕ್ಯಾಬಿನ್ನಿನ ನೆಲ ದಾಟಿ, ಚಾಸಿಯ ಉದ್ದಕ್ಕೂ ಮೈಮೇಲಿನ ಪ್ಲಾಸ್ಟಿಕ್ಕೆಲ್ಲ ಉದುರಿ ಬರೀ ತಾಮ್ರ. ಅದು ಚಾಸಿಯ ಅಡ್ಡಪಟ್ಟಿಯ ಒಂದು ತೂತಿನೊಳಗೆ ಹಾದುಹೋಗುವ ಕಡೆ ಕಪ್ಪು ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಕೆಂಪು ದೀಪದ ತನಕ ವಾಯರಿಗೆ ಏನೂ ಆಗಿರಲಿಲ್ಲ. ತೂತಿನ ಅಂಚಿನಲ್ಲಿ ಇರಬೇಕಾದ ರಬ್ಬರ್ ಉಂಗುರ ಇರಲಿಲ್ಲ. ವರ್ಷಾನುಗಟ್ಟಲೆ ತಗಡಿನ ಅಂಚು ವಾಯರನ್ನು ಉಜ್ಜುತ್ತ ಉಜ್ಜುತ್ತ ಒಂದು ದಿನ ತಾಮ್ರ ಮುಟ್ಟಿದೆ. ಆಗ ಫ್ಯೂಸ್ ಹೋಗಿದೆ. ಅದರ ಕೆಲಸವೇ ಅದು. ಆ ಫ್ಯೂಸಿನ ಜಾಗಕ್ಕೇ ನಾನು ಚಾಕೊಲೇಟಿನ ಹಾಳೆ ಸುತ್ತಿ ಹಾಕಿದ್ದು.

ಈ ವರ್ಷ ದ್ವಿತೀಯ ಪಿಯುಸಿಯಲ್ಲಿ ಸರ್ ಮೂರನೇ ಅಧ್ಯಾಯ, ವಿದ್ಯುತ್ ಪ್ರವಾಹ, ಮಾಡಿದಾಗ ನಾನು ಇದರ ಲೆಕ್ಕ ಹಾಕಿದೆ. ಹಿಂದೆ ಎರಡು, ಮುಂದೆ ಎರಡು, ನಂಬರ್ ಪ್ಲೇಟಿಗೆ ಒಂದು. ಒಟ್ಟು ಐದು ಬಲ್ಬು, ಒಂದೊಂದು 5 ವ್ಯಾಟ್. 25 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 2 ಆಂಪಿಯರಿಗೆ ಸ್ವಲ್ಪ ಮೇಲೆ. 1 ಚದರ ಮಿಲಿಮೀಟರ್ ತಾಮ್ರದ ವಾಯರ್ ಒಂದು ಮೀಟರಿಗೆ ಸುಮಾರು 0.017 ಓಮ್ ರೋಧ ಕೊಡುತ್ತದೆ. ಜೌಲ್ 1841ರಲ್ಲಿ ಕಂಡುಕೊಂಡ ಹಾಗೆ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೀಪ ಉರಿಯುವಾಗ ಒಂದು ಮೀಟರ್ ವಾಯರಿನಲ್ಲಿ ಹುಟ್ಟುವ ಶಾಖ 0.075 ವ್ಯಾಟ್, ಕೈಗೆ ಗೊತ್ತೂ ಆಗುವುದಿಲ್ಲ. ವಾಯರ್ ತಗಡಿಗೆ ತಾಗಿದಾಗ ಬಲ್ಬುಗಳು ದಾರಿಯಿಂದ ಹೊರಗೆ. ನಾಲ್ಕು ಮೀಟರ್ ವಾಯರ್, ಸ್ವಿಚ್ಚು, ಗಂಟುಗಳು, ತಾಗಿದ ಜಾಗ ಎಲ್ಲ ಸೇರಿ 0.2 ಓಮ್ ಎಂದು ಹಿಡಿದರೂ 60 ಆಂಪಿಯರ್ ಹರಿಯುತ್ತದೆ. ಒಂದು ಮೀಟರಿಗೆ 61 ವ್ಯಾಟ್. ಎಂಟುನೂರು ಪಟ್ಟು. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥ ಎರಡಕ್ಕಿಂತ ಹೆಚ್ಚು ಐರನ್ನುಗಳನ್ನು ಪ್ರತಿ ಮೀಟರಿಗೂ ಕಟ್ಟಿ ಹಚ್ಚಿಟ್ಟ ಹಾಗೆ. 5 ಆಂಪಿಯರಿನ ಫ್ಯೂಸ್ ಇದ್ದಿದ್ದರೆ ಕಣ್ಣು ಮಿಟುಕಿಸುವುದರೊಳಗೆ ತುಂಡಾಗಿ, ನಾವು ಹಿಂದಿನ ದೀಪವಿಲ್ಲದೆ ಮನೆ ಸೇರುತ್ತಿದ್ದೆವು.

ಗಾಡಿಯ ಕೆಳಗೆ ಮಲಗಿದ್ದಾಗ ಈ ಲೆಕ್ಕ ಗೊತ್ತಿರಲಿಲ್ಲ. ಕಪ್ಪು ಎಲ್ಲಿ ನಿಂತಿದೆ ಎಂಬುದಷ್ಟೇ ಗೊತ್ತಿತ್ತು, ಅದು ಸಾಕಾಗಿತ್ತು.

ಮೇಲೆ ಕಾಕಾ ಮಾತಾಡುವುದು ಕೇಳುತ್ತಿತ್ತು. "ಸಾಹೇಬ್ರ, ನಿಮ್ಮ ವಾಯರ್ ಸುಟ್ಟಿಲ್ಲರೀ. ಇದು ಬ್ಯಾರೆ. ಈ ನಾಲ್ಕನೇದು, ಕರಗಿ ಕುಂತದ್ದು." ಸ್ಕ್ರೂಡ್ರೈವರಿನಿಂದ ಕೆರೆಯುವ ಸದ್ದು. ಪ್ಲಾಸ್ಟಿಕ್ ಚಟ್ ಎಂದು ಒಡೆಯಿತು. "ಬೆಳ್ಳಿ ಹಾಳಿ ಸುತ್ಯಾರ ನೋಡ್ರಿ."

"ಅದು ನಾನು ಸುತ್ತಿದ್ದಲ್ಲ" ಅಂದರು ದಾದಾ.

"ಯಾರೋ ಕ್ಲೀನರ್ ಹುಡುಗನ ಕೆಲಸ ಇರಬೇಕು" ಅಂದರು ಅಬ್ಬಾ.

ನಾನು ಹೊರಗೆ ತೆವಳಿ ಬಂದೆ. ಮೈಯೆಲ್ಲ ಮಣ್ಣು, ಕೂದಲಲ್ಲಿ ಗ್ರೀಸು. ನಿಂತುಕೊಂಡು ಹೇಳಲು ಆಗಲಿಲ್ಲ, ಗೋಣಿಚೀಲದ ಮೇಲೆ ಕೂತೇ ಹೇಳಿದೆ. ಹತ್ತು ರೂಪಾಯಿ, ಕಿರಾಣಿ ಅಂಗಡಿ, ಚಾಕೊಲೇಟು, ಹಾಳೆ. ಫ್ಯೂಸ್ ಕಿತ್ತು ಎಸೆಯಲು ರಾತ್ರಿ ಬಂದಿದ್ದನ್ನೂ ಹೇಳಿದೆ. ಭಾನುವಾರ ಸುಮ್ಮನಿದ್ದದ್ದನ್ನು ಹೇಳುವಾಗ ಅಳು ಬಂತು.

ಅಬ್ಬಾನ ಮುಖ ಕೆಂಪಾಯಿತು. ನನಗೆ ಹೊಡೆತ ಬೀಳುತ್ತದೆ ಎಂದುಕೊಂಡೆ. ಕಾಕಾ ಸುಮ್ಮನೆ ಆ ಕಡೆ ತಿರುಗಿ ಪಕ್ಕಡ ಒರೆಸತೊಡಗಿದರು. ದಾದಾ ತಮ್ಮ ಬಲಗೈಯನ್ನು ಮುಂದೆ ಹಿಡಿದು ಅಂಗೈಯ ಗೆರೆಯನ್ನು ನೋಡಿಕೊಂಡರು, ಮೊದಲ ಸಲ ನೋಡುವವರ ಹಾಗೆ.

"ಯಾವ ಚಾಕೊಲೇಟು?" ಎಂದು ಕೇಳಿದರು.

ಹೇಳಿದೆ.

"ಒಬ್ಬಳೇ ತಿಂದೆಯಾ?"

"ಹೌದು."

"ನಿನ್ನ ದಾದಿಗೆ ಅದು ಬಹಳ ಇಷ್ಟ ಇತ್ತು" ಅಂದರು. ಎದ್ದು ಅಸರ್ ನಮಾಜಿಗೆ ಹೊರಟುಹೋದರು.

ಅಷ್ಟೇ. ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬೈದದ್ದು ಅಬ್ಬಾ, ರಾತ್ರಿ, ಚೆನ್ನಾಗಿಯೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಹಿತ್ತಲಿಗೆ ಹೋದರೆ ದಾದಾ ಆಗಲೇ ಗಾಡಿಯ ಬಾಗಿಲಲ್ಲಿ ಕುಳಿತು ನನ್ನ ನೋಟ್‌ಬುಕ್ ಓದುತ್ತಿದ್ದರು. "ಇದು ತಪ್ಪು. ಹದಿನಾರನೇ ನಂಬರು ಹೀಟರಿಗೆ ಹೋಗುತ್ತದೆ." ಹೀಟರ್ ಅಂದರೆ ಕ್ಯಾಬಿನ್ ಬಿಸಿ ಮಾಡುವುದಲ್ಲ. ಹಳೆಯ ಡೀಸೆಲ್ ಎಂಜಿನ್ ಚಳಿಯಲ್ಲಿ ಶುರುವಾಗಲು ಅದರೊಳಗೆ ಕೆಂಪಗೆ ಕಾಯುವ ಪ್ಲಗ್ಗುಗಳು, ಅವುಗಳಿಗೆ ಹೋಗುವ ದಪ್ಪ ವಾಯರ್. ಅದನ್ನು ನಾನು ಹಾರ್ನಿನ ಲೆಕ್ಕಕ್ಕೆ ಸೇರಿಸಿದ್ದೆ.

ಅಲ್ಲಿಂದ ಮುಂದೆ ಕೆಲಸ ಮೂವರದು. ವಾಯರಿಂಗಿನ ಹಳೆ ಸೆಟ್ ಪೂರ್ತಿ ಹೊರಬಂದಾಗ ಅದನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿದೆವು. ದಾದಾ ಒಂದೊಂದು ಗಂಟನ್ನೂ ಮುಟ್ಟಿ ಅದು ಯಾವ ಊರಿನದೆಂದು ಹೇಳುತ್ತ ಹೋದರು. ಇದು ಸವದತ್ತಿಯಲ್ಲಿ, ಎಲ್ಲಮ್ಮನ ಜಾತ್ರೆಗೆ ಊರಿನವರನ್ನು ಒಯ್ದಾಗ. ಇದು ಕಿತ್ತೂರಿನಲ್ಲಿ, ಇಂಡಿಕೇಟರ್ ನಿಂತು ಪೊಲೀಸರು ಹಿಡಿದಾಗ. ಇದು ರಾಮದುರ್ಗದ ದಾರಿಯಲ್ಲಿ, ದೊಡ್ಡ ಫೂಫಿಯ ವರನ ಕಡೆಯವರು ಹಿಂದೆ ಕೂತಿದ್ದಾಗ, ಮರ್ಯಾದೆ ಹೋಗಬಾರದೆಂದು ಬಾಯಲ್ಲೇ ವಾಯರ್ ಸುಲಿದದ್ದು. ಇಪ್ಪತ್ತಮೂರು ಗಂಟು ಎಣಿಸಿದೆವು. ನಾನು ಅವನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದೇನೆ. ಅವು ಸರ್ಕ್ಯೂಟಿಗೆ ಬೇಕಾದವಲ್ಲ.

ಹೊಸ ವಾಯರ್ ಹಾಕುವ ಕೆಲಸದ ಬಗ್ಗೆ ಎಲ್ಲ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ನನಗೆ ಬಹಳ ಹಿಡಿಸಿದ ಎರಡು ಮೂರು ಮಾತ್ರ ಹೇಳುತ್ತೇನೆ.

ಒಂದು, ಬಲ್ಬಿನ ಉಪಾಯ. ಹೊಸ ಸರ್ಕ್ಯೂಟಿಗೆ ಮೊದಲ ಸಲ ಕರೆಂಟು ಕೊಡುವಾಗ ಕಾಕಾ ಫ್ಯೂಸ್ ಹಾಕುವುದಿಲ್ಲ. ಫ್ಯೂಸಿನ ಜಾಗದಲ್ಲಿ ಒಂದು 21 ವ್ಯಾಟಿನ ಬಲ್ಬು ಕಟ್ಟುತ್ತಾರೆ. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಬೆಳಗುತ್ತದೆ, ವಾಯರಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಬಲ್ಬು 2 ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಗಾಡಿಯ ಕೆಳಗೆ ಹೋಗಿ ವಾಯರನ್ನು ಅಲ್ಲಲ್ಲಿ ಅಲುಗಾಡಿಸುತ್ತ ಬಂದರೆ, ಯಾವ ಜಾಗದಲ್ಲಿ ಬಲ್ಬು ಮಂಕಾಗುತ್ತದೋ ಅಲ್ಲೇ ತಪ್ಪು. ಫ್ಯೂಸಿನ ಮೇಲೆ ಫ್ಯೂಸ್ ಸುಡುತ್ತ ಕೂರಬೇಕಿಲ್ಲ.

ಇನ್ನೊಂದು, ಅರ್ಥಿಂಗ್. ಗಾಡಿಯಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಒಂದೇ ವಾಯರ್ ಹೋಗುತ್ತದೆ, ವಾಪಸು ಬರುವ ದಾರಿ ಗಾಡಿಯ ಕಬ್ಬಿಣವೇ. ನಾವು ಮುತುವರ್ಜಿಯಿಂದ ಚಾಸಿಗೆ ಕಪ್ಪು ಬಣ್ಣ ಬಳಿದಿದ್ದೆವು. ಬಲ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಮಿಟುಕತೊಡಗಿತು. ನನಗೆ ಅರ್ಧ ದಿನ ತಲೆ ಕೆಟ್ಟಿತು. ಕಾಕಾ ಬಂದು ದೀಪದ ಬೋಲ್ಟು ಬಿಚ್ಚಿ, ಅಷ್ಟು ಜಾಗದ ಬಣ್ಣವನ್ನು ಉಜ್ಜಿ ತೆಗೆದು, ಹಲ್ಲಿರುವ ವಾಷರ್ ಹಾಕಿ ಬಿಗಿದರು. ಸರಿಹೋಯಿತು. ವಾಪಸು ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗಿಂದ ದಾರಿ ಮಾಡಿಕೊಂಡಿತ್ತು. ಚಂದಕ್ಕೆ ಬಳಿದ ಬಣ್ಣದಿಂದ ಆದ ಫಜೀತಿ.

ಹೆಡ್‌ಲೈಟಿಗೆ ರಿಲೇ ಹಾಕಿದ್ದು ನನ್ನ ಹಠ. ಮೊದಲಿದ್ದ ಹಾಗೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಕೊಟ್ಟಾಗ ದೀಪದ ಹತ್ತಿರ ಮಲ್ಟಿಮೀಟರ್ 11.1 ವೋಲ್ಟ್ ತೋರಿಸಿತು. ರಿಲೇ ಹಾಕಿ ಬ್ಯಾಟರಿಯಿಂದ ನೇರ ದಪ್ಪ ವಾಯರ್ ಎಳೆದ ಮೇಲೆ 12.3. ಅಷ್ಟು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. "ಅಂದರೆ ನಾನು ಇಪ್ಪತ್ತು ವರ್ಷ ಮಂಕು ದೀಪದಲ್ಲಿ ಬೆಳಗಾವಿಗೆ ಹೋಗಿ ಬಂದೆ" ಅಂದರು ದಾದಾ. ಸ್ವಲ್ಪ ಹೊತ್ತು ಬಿಟ್ಟು, "ಕಣ್ಣು ಚೆನ್ನಾಗಿದ್ದಿದ್ದಕ್ಕೇ ಬದುಕಿದೆ" ಎಂದು ಸೇರಿಸಿದರು. ಕಣ್ಣಿನ ವಿಷಯಕ್ಕೆ ಅವರು ಈಗ ಪದೇ ಪದೇ ಬರುತ್ತಾರೆ.

ಚಾಸಿಯ ಅಡ್ಡಪಟ್ಟಿಯ ಆ ತೂತಿಗೆ ರಬ್ಬರ್ ಉಂಗುರ ಹಾಕಿದ್ದು ನಾನೇ. ಸಾಬೂನು ನೀರು ಹಚ್ಚಿ, ಉಗುರಿನಿಂದ ಒತ್ತಿ ಒತ್ತಿ ಕೂರಿಸಬೇಕು. ಐದು ರೂಪಾಯಿಯ ವಸ್ತು. ವಾಯರಿಗೆ ಸ್ಲೀವ್ ಬೇರೆ ತೊಡಿಸಿದೆ. ಕಾಕಾ ಅದು ಜಾಸ್ತಿಯಾಯಿತು ಅಂದರು, ತೆಗೆಯಲಿಲ್ಲ.

ಗಾಜಿನ ಫ್ಯೂಸುಗಳ ಹಳೆ ಡಬ್ಬಿಯ ಬದಲು ಹತ್ತು ಫ್ಯೂಸುಗಳ ಹೊಸ ಡಬ್ಬಿ ಬಂತು. ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸುಗಳು, 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಹಿಂದಿನ ದೀಪಕ್ಕೆ 5 ಆಂಪಿಯರಿನದು, ಕಂದು. ಎಲ್ಲ ಖರ್ಚು ಸೇರಿ ಆರು ಸಾವಿರದ ನಾನೂರು ರೂಪಾಯಿ ಆಯಿತು, ಅದರಲ್ಲಿ ನನ್ನ ಎರಡು ವರ್ಷದ ಈದಿ ಸಾವಿರದ ಇನ್ನೂರು. ಉಳಿದದ್ದು ಅಬ್ಬಾ ಕೊಟ್ಟರು. ಹೆಚ್ಚುವರಿ ಫ್ಯೂಸುಗಳ ಒಂದು ಪಾಕೀಟನ್ನು ನಾನು ದಾದಾನ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಬೆಲೆ ನೋಡಿ, "ಹತ್ತು ರೂಪಾಯಿಯ ಚಿಲ್ಲರೆ ಎಲ್ಲಿ?" ಅಂದರು. ಅಮ್ಮಿ ಬಾಗಿಲಲ್ಲಿ ನಿಂತು ನಕ್ಕರು. ಆ ಮಂಗಳವಾರದ ನಂತರ ಈ ವಿಷಯಕ್ಕೆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಬಕ್ರೀದಿಗೆ ಮೂರು ದಿನ ಮೊದಲು, ಸಂಜೆ, ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆದೆವು. ಆರು ವರ್ಷ ನಿಂತ ಎಂಜಿನ್, ಡೀಸೆಲ್ ಪೈಪಿನ ಗಾಳಿ ತೆಗೆಯುವುದರಲ್ಲೇ ಒಂದು ಗಂಟೆ ಹೋಯಿತು. ಆಮೇಲೆ ಕರಿ ಹೊಗೆ ಬಿಟ್ಟು ಶುರುವಾಯಿತು. ಸೀಟಿನ ಕೆಳಗಿನ ಕೋಳಿ ಹಾರಿ ಹೊರಗೆ ಬಂದು ಓಣಿಯೆಲ್ಲ ಓಡಾಡಿತು. ಕಾಕಾ ಪಕ್ಕದ ಸೀಟಿನಲ್ಲಿ ಕುಳಿತರು. ಅಬ್ಬಾ ಸ್ಟೇರಿಂಗಿನ ಕಡೆ ಹೋದರು. ದಾದಾ ಅವರ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿ ತಾವೇ ಹತ್ತಿದರು.

ನಾನು ಹತ್ತಲಿಲ್ಲ. ಹಿಂದಿನ ದೀಪ ನೋಡಬೇಕಿತ್ತು. ಗಾಡಿ ಹಿತ್ತಲಿನಿಂದ ಹೊರಬಿದ್ದು ಓಣಿಯಲ್ಲಿ ಮೆಲ್ಲಗೆ ಹೊರಟಿತು. ಮಗ್ರಿಬ್ ಅಜಾನ್ ಆಗಿ ಕತ್ತಲು ಇಳಿಯುತ್ತಿತ್ತು. ಎರಡೂ ಕೆಂಪು ದೀಪ ಸಮನಾಗಿ ಉರಿಯುತ್ತಿದ್ದವು. ಮೂಲೆಯ ಹತ್ತಿರ ದಾದಾ ಬ್ರೇಕ್ ಒತ್ತಿದಾಗ ಇನ್ನಷ್ಟು ಕೆಂಪಾದವು. ಎಡ ಇಂಡಿಕೇಟರ್ ಹಾಕಿದರು, ಅದೊಂದೇ ಮಿಟುಕಿತು. ನದಿಯ ಕಡೆ ತಿರುಗಿದರು.

ಹಾರ್ನ್ ಮಾತ್ರ ಕೆಲಸ ಮಾಡಲಿಲ್ಲ. ಅದರ ಗುಂಡಿಯೊಳಗಿನ ಸ್ಪ್ರಿಂಗ್ ಇನ್ನೂ ಎಲ್ಲೂ ಸಿಕ್ಕಿಲ್ಲ. ದಾದಾ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ಬಡಿಯುತ್ತ ಹೋಗುತ್ತಾರೆ.